ರುಚಿ ನೋಡುವವಳು

ಸೂಪಿನ ಚಮಚ ಇನ್ನೂ ಬಾಯಲ್ಲಿರುವಾಗಲೇ ಸ್ಮಿಲ್ಯಾಳ ಎಡಗೈ ಕಿವಿಯ ಹತ್ತಿರ ಹೋಯಿತು. ಓಲೆ ಸರಿಮಾಡಿಕೊಳ್ಳುವವಳಂತೆ ಒಮ್ಮೆ ಮುಟ್ಟಿ ಕೈ ಇಳಿಸಿದಳು. ಒಲೆಯ ಆಚೆ ನಿಂತಿದ್ದ ರಾದಿವೊಯ್ ಅವಳನ್ನು ನೋಡಿಯೂ ನೋಡದವನ ಹಾಗೆ ಒಂದು ಚಿಟಿಕೆ ಉಪ್ಪು ತೆಗೆದು ಪಾತ್ರೆಗೆ ಉದುರಿಸಿದ.

ಮುಂದಿನದು ಅಣಬೆ ಸಾಸ್. ಸ್ಮಿಲ್ಯಾ ಬಾಯಿ ಮುಕ್ಕಳಿಸಿ, ಒಂದು ತುಣುಕು ಸಪ್ಪೆ ಬ್ರೆಡ್ ಅಗಿದು, ಹೊಸ ಚಮಚ ತೆಗೆದುಕೊಂಡಳು. ಈ ಸಲ ಗದ್ದ ಸವರಿಕೊಂಡಳು. ರಾದಿವೊಯ್ ನಿಂಬೆಹಣ್ಣು ಹಿಂಡಿದ. ಮೀನಿಗೆ ಏನೂ ಬೇಕಿರಲಿಲ್ಲ. ಎರಡೂ ಕೈಯಲ್ಲಿ ಕೋಟಿನ ಅಂಚು ಹಿಡಿದು ಕೆಳಗೆ ಎಳೆದುಕೊಂಡಳು. ಸರಿಯಾಗಿದೆ, ಬಡಿಸಬಹುದು ಎಂದು ಅದರ ಅರ್ಥ.

ಊಟದ ಮನೆಯ ಮೇಲ್ವಿಚಾರಕಿ ಬಡಿಸುವ ಮೊದಲು ಒಂದೊಂದು ಚಮಚ ರುಚಿ ನೋಡುವುದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ. ಅತಿಥಿಗಳು ಇದೇನು, ಅದೇನು ಎಂದು ಕೇಳಿದಾಗ ಹೇಳಬೇಕಲ್ಲ. ಅಡುಗೆಮನೆಯ ಜನಕ್ಕೆ ಗೊತ್ತಿಲ್ಲದ್ದು ಒಂದೇ. ಅವಳ ಗಂಡ, ಈ ಪ್ರವಾಸಿ ಹಡಗಿನ ಮುಖ್ಯ ಅಡುಗೆಯವನು, ಕಳೆದ ಚಳಿಗಾಲದ ಜ್ವರದಿಂದ ಎದ್ದ ಮೇಲೆ ಮೂಗು ನಾಲಿಗೆ ಎರಡನ್ನೂ ಕಳೆದುಕೊಂಡಿದ್ದ. ಬಾಯಿಗೆ ಇಟ್ಟದ್ದು ಬಿಸಿಯೋ ತಣ್ಣಗೋ, ಮೆತ್ತಗೋ ಗಟ್ಟಿಯೋ, ಅಷ್ಟು ಮಾತ್ರ ತಿಳಿಯುತ್ತಿತ್ತು.

ವಸಂತದಲ್ಲಿ ಹಡಗು ಹೊರಡುವ ಹಿಂದಿನ ದಿನ, ಅಪಾತಿನ್ ಊರಿನ ತಮ್ಮ ಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಾ ಅವನು ಈ ಸನ್ನೆಗಳನ್ನು ಹುಟ್ಟುಹಾಕಿದ್ದ. ಕಿವಿಗೆ ಉಪ್ಪು, ಗದ್ದಕ್ಕೆ ಹುಳಿ, ಕಾಲರಿಗೆ ಖಾರ. ಆಗ ಇಬ್ಬರೂ ನಕ್ಕಿದ್ದರು. "ಒಂದು ತಿಂಗಳು ಅಷ್ಟೇ ಕಣೇ. ಮೂಗು ತಾನಾಗೇ ಬರತ್ತೆ," ಎಂದಿದ್ದ. ಈಗ ನಡುಬೇಸಿಗೆ, ಏಪ್ರಿಕಾಟ್ ಹಣ್ಣಾಗುವ ಕಾಲ. ಮೂಗು ಬಂದಿರಲಿಲ್ಲ. ನಗುವುದನ್ನು ಇಬ್ಬರೂ ಯಾವಾಗ ನಿಲ್ಲಿಸಿದರೆಂದು ಅವಳಿಗೆ ನೆನಪಿರಲಿಲ್ಲ.

ಅವನ ನಾಲಿಗೆಯಾಗುವುದಕ್ಕೆ ಅವಳು ತನ್ನದನ್ನು ಕಾಪಾಡಿಕೊಳ್ಳಬೇಕಾಗಿತ್ತು. ಮಧ್ಯಾಹ್ನದ ಕಪ್ಪು ಕಾಫಿ ಬಿಟ್ಟಳು. ಹಸಿ ಈರುಳ್ಳಿ ಬಿಟ್ಟಳು. ಟೂತ್‌ಪೇಸ್ಟಿನ ಪುದೀನ ಅಡ್ಡ ಬರುತ್ತದೆಂದು ಮಕ್ಕಳ ಪೇಸ್ಟಿನಲ್ಲಿ ಹಲ್ಲುಜ್ಜಿದಳು. ಹಸಿವೆಗೆ ಊಟ ಮಾಡಿ ಎಷ್ಟು ಕಾಲವಾಯಿತೋ. ಬಾಯಿಗೆ ಏನು ಇಟ್ಟರೂ ಅದು ಯಾರಿಗೋ ವರದಿ ಕೊಡುವ ಕೆಲಸವಾಗಿಬಿಟ್ಟಿತ್ತು.

"ಸ್ಮಿಲ್ಯಾಕ್ಕ, ಲಾರಿ ಬರಲ್ಲವಂತೆ," ಎಂದು ಮರೀಸೆಲ್ ಬಾಗಿಲಿಂದ ತಲೆ ಹಾಕಿದಳು. ಫಿಲಿಪ್ಪೀನ್ಸಿನ ಆ ಹೆಂಗಸು ಇಲ್ಲಿ ಎರಡನೆಯ ಅಡುಗೆಯವಳು. ಅವಳ ಕೈ ಚುರುಕು, ಮಾತು ಇನ್ನೂ ಚುರುಕು. "ದಡದ ರಸ್ತೆ ಮೇಲೆ ನೀರು ಬಂದಿದೆ. ಬ್ರೆಡ್ ಇಲ್ಲ, ಬ್ರೆಡ್ ಪುಡಿ ಇಲ್ಲ, ಕ್ರೀಮ್ ಇಲ್ಲ. ಶೆಫ್, ರಾತ್ರಿ ಡಂಪ್ಲಿಂಗ್ ಉಂಡೆ ಉರುಳ್ಸೋದಕ್ಕೆ ಮರಳು ತರ್ಸೋಣವಾ?"

"ಬೇಡ, ನಿನ್ನ ತಲೆಹೊಟ್ಟು ಸಾಕು," ಎಂದ ರಾದಿವೊಯ್. ಎಲ್ಲರೂ ನಕ್ಕರು. "ಪಕ್ಕದ ಹಡಗಿನಲ್ಲಿ ಕೇಳ್ತೀನಿ ಬಿಡು."

ಕ್ರೆಮ್ಸ್ ಊರಿನ ಹಡಗುಕಟ್ಟೆಯಲ್ಲಿ ಜಾಗ ಸಾಲದೆ ಇನ್ನೊಂದು ಕಂಪನಿಯ ಹಡಗು ಇವರ ಹಡಗಿಗೆ ಮೈ ತಾಗಿಸಿ ನಿಂತಿತ್ತು. ಹೀಗೆ ನಿಂತಾಗ ಒಂದರ ಅತಿಥಿಗಳು ಇನ್ನೊಂದರ ಹಜಾರ ದಾಟಿ ದಡಕ್ಕೆ ಇಳಿಯುತ್ತಾರೆ, ಅಡುಗೆಮನೆಗಳು ಕಟಕಟೆಯ ಮೇಲಿಂದಲೇ ಹಾಲು, ಹಿಟ್ಟು, ಮೊಟ್ಟೆ ಸಾಲ ಮಾಡಿಕೊಳ್ಳುತ್ತವೆ. ಯಾವ ಕಂಪನಿಯೂ ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ, ಯಾವ ಅಡುಗೆಯವನೂ ಇಲ್ಲ ಅಂದಿಲ್ಲ.

ಮೇಲಿನ ಕಡೆ ಮಳೆ ಬಿದ್ದು ದುನಾವ್ ನದಿ ಕಂದಾಗಿ ಹರಿಯುತ್ತಿತ್ತು. ಮುರಿದ ಕೊಂಬೆಗಳು ಹಡಗಿನ ಮೂತಿಯ ಮುಂದೆ ಓಡುತ್ತಿದ್ದವು. ಸೇತುವೆಗಳ ಕೆಳಗೆ ನುಸುಳುವಷ್ಟು ಜಾಗ ಇರುವಾಗಲೇ ಹೊರಡಬೇಕೆಂದು ಕ್ಯಾಪ್ಟನ್ ಅವಸರ ಮಾಡುತ್ತಿದ್ದರು. ಮೇಲ್ಮಹಡಿಯಲ್ಲಿ ನಾವಿಕ ಲ್ಯುಬೆನ್ ಮತ್ತವನ ಜೊತೆಯವರು ಕುರ್ಚಿ ಮಡಚಿ, ಕಂಬಿ ಇಳಿಸಿ, ಹಡಗನ್ನು ಕುಳ್ಳಗೆ ಮಾಡುತ್ತಿದ್ದರು.

ಮಧ್ಯಾಹ್ನದ ಊಟದಲ್ಲಿ ಕಿಟಕಿ ಮೇಜಿನ ಮಿಸೆಸ್ ಬ್ಯಾನ್‌ಫೀಲ್ಡ್ ಅವಳ ತೋಳು ಹಿಡಿದರು. ಒಬ್ಬರೇ ಬಂದಿದ್ದ ಇಂಗ್ಲೆಂಡಿನ ಮುದುಕಿ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೇಜಲ್‌ನಟ್ ಒಂದು ಚೂರು ನಾಲಿಗೆಗೆ ತಾಗಿದರೂ ಅವರ ಗಂಟಲು ಕಟ್ಟುತ್ತದೆ. ಚೀಲದಲ್ಲಿ ಸದಾ ಚುಚ್ಚುಮದ್ದು. ಈ ದೇಶಗಳ ಸಿಹಿಯಲ್ಲೆಲ್ಲ ಆ ಬೀಜವೇ ಇರುವುದರಿಂದ ಹಡಗು ಹತ್ತಿದಂದಿನಿಂದ ಅವರಿಗೆ ರಾತ್ರಿ ಊಟದ ಕೊನೆಗೆ ಹಣ್ಣಿನ ಬಟ್ಟಲೊಂದೇ ಗತಿಯಾಗಿತ್ತು.

"ಇವತ್ತು ಏಪ್ರಿಕಾಟ್ ಡಂಪ್ಲಿಂಗ್ ಅಂತ ಪಟ್ಟಿಯಲ್ಲಿ ಹಾಕಿದ್ದಾರಲ್ಲಮ್ಮಾ. ಅದೂ ನನಗಿಲ್ಲ, ಅಲ್ವಾ?"

"ಅದು ನಿಮಗಿದೆ," ಎಂದಳು ಸ್ಮಿಲ್ಯಾ. ಹೇಳುವಾಗ ಅವಳಿಗೇ ಹಿಗ್ಗಾಯಿತು. "ಗಿಣ್ಣಿನ ಹಿಟ್ಟು, ಒಳಗೆ ಹಣ್ಣು, ಹೊರಗೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ. ಬೇರೇನಿಲ್ಲ. ನನ್ನ ಗಂಡ ಮಾಡೋದು. ಹೆದರದೆ ತಿನ್ನಿ."

"ಹಾಗಾದರೆ ಎರಡು ಕೊಡಿ," ಎಂದು ಮುದುಕಿ ಕಣ್ಣು ಮಿಟುಕಿಸಿದರು.

ಸಂಜೆಯ ರುಚಿ ನೋಡುವ ಹೊತ್ತಿಗೆ ಸರಿಯಾಗಿ ಮ್ಯಾನೇಜರ್ ಕ್ರೆಸ್ಲರ್ ಅವಳನ್ನು ಹಜಾರದಲ್ಲಿ ತಡೆದರು. ಊಟ ಬೇಗ ಶುರುವಾಗಬೇಕು, ಸಿಹಿಯ ಹೊತ್ತಿಗೆ ಹಗ್ಗ ಬಿಚ್ಚುತ್ತಾರೆ, ನಾಳೆ ಕ್ರೈಸ್ತ ಮಠ ನೋಡಲು ಹೋಗುವುದು ರದ್ದಾದರೆ ಅತಿಥಿಗಳನ್ನು ಹೇಗೆ ಸಮಾಧಾನ ಮಾಡುವುದು, ಒಂದೇ ಸಮ ಹೇಳುತ್ತಿದ್ದರು. ಸ್ಮಿಲ್ಯಾ ಎರಡು ಸಲ ಅಡುಗೆಮನೆಯ ಕಡೆ ಹೆಜ್ಜೆ ಇಟ್ಟಳು. ಎರಡು ಸಲವೂ ಅವರು "ಇನ್ನೊಂದೇ ಮಾತು" ಎಂದರು. ಹೇಗೋ ಬಿಡಿಸಿಕೊಂಡು ಓಡಿ, ಸೂಪು, ಮಾಂಸ, ಸಾಸ್ ನೋಡಿದಳು. ಕಿವಿ, ಕಾಲರ್, ಕೋಟಿನ ಅಂಚು. ಅಷ್ಟರಲ್ಲಿ ಕ್ರೆಸ್ಲರ್ ಮತ್ತೆ ಕರೆದರು.

ಡಂಪ್ಲಿಂಗ್ ಉಳಿದಿತ್ತು. ಅದನ್ನೇನು ನೋಡುವುದು, ಮದುವೆಯಾದ ವರ್ಷದಿಂದ ಅವನು ಮಾಡುತ್ತಾ ಬಂದದ್ದು, ಕೈಗೇ ಗೊತ್ತಿದೆ, ಎಂದುಕೊಂಡಳು. ಒಂದು ಪದಾರ್ಥದಿಂದಾದರೂ ತಪ್ಪಿಸಿಕೊಂಡೆನಲ್ಲ ಎಂದು ಒಳಗೊಳಗೇ ಹಗುರವೂ ಆಯಿತು. ಆ ಹಗುರವನ್ನು ಅವಳು ಆಮೇಲೆ ಮರೆಯಲಾರದಾದಳು.

ಹಜಾರದ ಕೆಲಸ ಮುಗಿಸಿ ಊಟದ ಮನೆಯ ಬಾಗಿಲು ತಳ್ಳಿದಾಗ ಸಿಹಿ ಆಗಲೇ ಬಡಿಸಿ ಆಗಿತ್ತು. ಪಕ್ಕದ ಹಡಗು ಹಗ್ಗ ಬಿಚ್ಚಿ ದೂರ ಸರಿದಿತ್ತು. ಕಿಟಕಿಗಳಲ್ಲಿ ಗೋಡೆಯ ಬದಲು ನದಿ ಕಾಣುತ್ತಿತ್ತು. ನೆಲದ ಅಡಿಯಲ್ಲಿ ಎಂಜಿನ್ನಿನ ನಡುಕ. ಜನ ಸಂತೋಷವಾಗಿದ್ದರು, ಚಮಚಗಳ ಸದ್ದು, ನಗು. ಮೊದಲು ಬೆಣ್ಣೆಯ ವಾಸನೆ ಬಂತು. ಅದರ ಹಿಂದೆ ಬಿಸಿ ಏಪ್ರಿಕಾಟಿನ ಹುಳಿ. ಅದರ ಹಿಂದೆ ಇನ್ನೊಂದು.

ಅವಳು ಬಾಗಿಲಲ್ಲೇ ನಿಂತಳು.

ಹುರಿದ ಹೇಜಲ್‌ನಟ್. ಚಳಿಗಾಲದಲ್ಲಿ ಅವಳ ತಾಯಿ ಒಲೆಯ ಮೇಲಿನ ತಟ್ಟೆಯಲ್ಲಿ ಹುರಿದು ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆಯುತ್ತಿದ್ದ ಬೀಜ. ತಪ್ಪುವುದಕ್ಕೆ ಸಾಧ್ಯವಿಲ್ಲ. ಪಕ್ಕದ ಹಡಗಿನವರು ಬ್ರೆಡ್ ಪುಡಿಗೆ ಅದನ್ನು ಬೆರೆಸಿ ಹುರಿದಿಟ್ಟಿದ್ದಾರೆ. ಮೂಗಿದ್ದ ಯಾವ ಅಡುಗೆಯವನೂ ಅವರು ಕೊಟ್ಟ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹೇಳುತ್ತಿದ್ದ.

ಊಟದ ಮನೆಯ ಆ ತುದಿಯಲ್ಲಿ ಮಿಸೆಸ್ ಬ್ಯಾನ್‌ಫೀಲ್ಡ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮುಂದೆ ತಟ್ಟೆ. ಎರಡು ಡಂಪ್ಲಿಂಗ್. ದಿನವೂ ಆ ತಟ್ಟೆಯನ್ನು ಸ್ಮಿಲ್ಯಾಳೇ ಒಯ್ಯುತ್ತಿದ್ದಳು. ಇವತ್ತು ಅವಳು ಕಾಣದೆ ಯಾರೋ ಮಾಣಿ ಇಟ್ಟುಹೋಗಿದ್ದ.

"ಮಿಸೆಸ್ ಬ್ಯಾನ್‌ಫೀಲ್ಡ್," ಎಂದಳು. ಮುದುಕಿಗೆ ಎಡಗಿವಿ ಮಂದ. ತಿರುಗಲಿಲ್ಲ. ಫೋರ್ಕಿನಿಂದ ಒಂದು ತುಂಡು ಕತ್ತರಿಸಿದರು. ಒಳಗಿಂದ ಕಿತ್ತಳೆ ಬಣ್ಣದ ರಸ ಇಳಿಯಿತು.

ಕೂಗಿ ಹೇಳಬಹುದಿತ್ತು. ತಿನ್ನಬೇಡಿ, ಅದರಲ್ಲಿ ಬೀಜ ಇದೆ. ಕೂಗಿದರೆ ಇಡೀ ಊಟದ ಮನೆ ತಿರುಗುತ್ತದೆ, ಕ್ರೆಸ್ಲರ್ ತಿರುಗುತ್ತಾರೆ, ಡಬ್ಬಿ ತೆರೆದವರು ಯಾರು ಎನ್ನುತ್ತಾರೆ. ಈ ಯೋಚನೆ ತನ್ನ ತಲೆಯಲ್ಲಿ ಬಂದು ಹೋಗುವಷ್ಟು ಹೊತ್ತು ಅವಳ ಬಾಯಿ ಕಟ್ಟಿತ್ತು. ಕಾಲು ಮಾತ್ರ ಓಡುತ್ತಿತ್ತು. ಕುರ್ಚಿಯೊಂದರ ಹಿಂಬದಿ ಸೊಂಟಕ್ಕೆ ಬಡಿಯಿತು. ಯಾರೋ ನೀರು ಕೇಳಿದರು. ಮುದುಕಿ ಫೋರ್ಕ್ ಎತ್ತಿದರು, ತುಟಿಯ ಹತ್ತಿರ ತಂದರು, ಒಂದು ಗಳಿಗೆ ಹಾಗೇ ಹಿಡಿದು ಮೂಸಿದ ಹಾಗೆ ಮಾಡಿದರು, ಬಾಯಿ ತೆರೆದರು.

ಸ್ಮಿಲ್ಯಾ ಅವರ ಮಣಿಕಟ್ಟು ಹಿಡಿದು ಎಳೆದಳು. ಇನ್ನೊಂದು ಕೈ ಮೇಜಿನ ಮೇಲಿದ್ದ ನೀರಿನ ಹೂಜಿಗೆ ತಗುಲಿತು, ತಗುಲಿತೋ ತಗುಲಿಸಿದಳೋ. ನೀರೆಲ್ಲ ತಟ್ಟೆಯ ಮೇಲೆ, ಮುದುಕಿಯ ಮಡಿಲಿಗೆ. ಫೋರ್ಕ್ ನೆಲಕ್ಕೆ ಬಿದ್ದು ಸದ್ದಾಯಿತು. ಇಡೀ ಊಟದ ಮನೆ ತಿರುಗಿ ನೋಡಿತು.

"ಬಾಯಿಗೆ ಹೋಯ್ತಾ?" ಎಂದು ಅವಳು ಮುದುಕಿಯ ಕಿವಿಯಲ್ಲಿ ಕೇಳಿದಳು. "ಸ್ವಲ್ಪವಾದರೂ?"

"ಇಲ್ಲಮ್ಮಾ. ಯಾಕೆ, ನಾನೇನು ಮಾಡಿದೆ?"

ಕ್ರೆಸ್ಲರ್ ಆಗಲೇ ಹತ್ತಿರ ಬಂದಿದ್ದರು. ಸ್ಮಿಲ್ಯಾ ಬಗ್ಗಿ ತಟ್ಟೆ ಎತ್ತಿಕೊಂಡಳು. "ಹಡಗು ಹೊರಟಾಗ ಕಾಲು ತಪ್ಪಿತು. ಕ್ಷಮಿಸಿ," ಎಂದಳು. "ನಿಮಗೆ ಬೇರೆ ಬಟ್ಟೆ ಬದಲಾಯಿಸೋಣ, ಬನ್ನಿ. ಹಣ್ಣು ಕೋಣೆಗೇ ಕಳಿಸ್ತೀನಿ."

ಕ್ರೆಸ್ಲರ್ ಪಕ್ಕದ ಮೇಜಿನ ತುಂಬಿದ ವೈನ್ ಲೋಟವನ್ನು ನೋಡಿದರು. ಅದು ಅಲುಗಿಯೂ ಇರಲಿಲ್ಲ.

ಮುದುಕಿಯನ್ನು ಕೋಣೆಗೆ ಬಿಟ್ಟು, ಅವರ ಉಸಿರು ಸರಿಯಾಗಿದೆಯೆಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಸ್ಮಿಲ್ಯಾ ಅಡುಗೆಮನೆಗೆ ಬಂದಳು. ಡಬ್ಬಿ ಇನ್ನೂ ಒಲೆಯ ಪಕ್ಕದಲ್ಲೇ ಇತ್ತು. ಮುಚ್ಚಳ ತೆಗೆದಳು. ನೋಡಬೇಕಾಗಿಯೇ ಇರಲಿಲ್ಲ. ಇಡೀ ಡಬ್ಬಿಯನ್ನು ಕಸದ ಚೀಲಕ್ಕೆ ಬೋರಲು ಹಾಕಿದಳು.

"ಅಯ್ಯೋ, ಅದು ಚೆನ್ನಾಗಿತ್ತಲ್ಲ," ಎಂದಳು ಮರೀಸೆಲ್. "ಬೀಜ ಹಾಕಿದಾರೆ, ಘಮ ಘಮ ಅಂತಿತ್ತು. ಈ ಸಲ ಶೆಫ್ ರುಚಿ ಬದಲಾಯಿಸಿದಾರೆ ಅಂದ್ಕೊಂಡೆ."

"ನಿನಗೆ ವಾಸನೆ ಬಂತಾ?"

"ಬರದೇ ಇರತ್ತಾ ಅಕ್ಕ? ಶೆಫ್ ಚಮಚ ಹಾಕಿ ನೋಡಿದ್ರು, ತಲೆ ಆಡ್ಸಿದ್ರು. ಅವರು ನೋಡಿದ ಮೇಲೆ ನನ್ನದೇನು."

ರಾದಿವೊಯ್ ಕತ್ತಿ ಒರೆಸುತ್ತಾ ನಿಂತಿದ್ದವನು ಕೈ ನಿಲ್ಲಿಸಿದ. ಸ್ಮಿಲ್ಯಾ ಅವನನ್ನು ನೋಡಿದಳು. ಅವನು ತಣ್ಣನೆ ಕೋಣೆಯ ಬಾಗಿಲು ತೆರೆದು ಒಳಗೆ ಹೋದ. ಅವಳೂ ಹೋಗಿ ಬಾಗಿಲು ಎಳೆದುಕೊಂಡಳು. ತೂಗುಹಾಕಿದ ಮಾಂಸದ ನಡುವೆ ಇಬ್ಬರ ಉಸಿರೂ ಹೊಗೆಯಾಗಿ ಕಾಣುತ್ತಿತ್ತು.

"ಆ ಹೆಂಗಸು ಸತ್ತೇ ಹೋಗ್ತಿದ್ರು, ರಾದಿವೊಯ್."

"ಸಾಯ್ಲಿಲ್ವಲ್ಲ."

"ನಾನು ಅಲ್ಲಿ ಇದ್ದೆ ಅಂತ."

"ಅದನ್ನೇ ನಾನೂ ಹೇಳೋದು. ನೀನು ಇದೀಯಲ್ಲ." ಅವನು ಅವಳ ಭುಜ ಹಿಡಿದ. "ಬ್ರೆಡ್ ಪುಡಿ ಅಂದ್ರೆ ಬ್ರೆಡ್ ಪುಡಿ ಅಂದ್ಕೊಂಡೆ ಕಣೇ. ಪಕ್ಕದ ಹಡಗಿನವನು ಹಾಗೇ ಅಂದ. ಬೀಜ ಇದೆ ಅಂತ ಅವನಾದರೂ ಹೇಳ್ಬೇಕಲ್ವಾ? ನೀನಾದರೂ ಬಂದು ನೋಡ್ಬೇಕಲ್ವಾ?"

"ನಾನು ನೋಡ್ಬೇಕಿತ್ತು. ಹೌದು." ಅವಳು ತಡೆದು ಹೇಳಿದಳು. "ಕ್ರೆಸ್ಲರ್‌ಗೆ ಹೇಳು. ಜ್ವರ ಬಂದು ಹೀಗಾಗಿದೆ ಅಂತ ಹೇಳು. ಅದೇನು ಕಳ್ಳತನವಾ? ಬೇಡ, ಅವರಿಗೆ ಬೇಡ. ಮರೀಸೆಲ್‌ಗೆ ಒಬ್ಬಳಿಗಾದರೂ ಹೇಳು. ಅವಳು ಪಕ್ಕದಲ್ಲೇ ಇರ್ತಾಳೆ, ಅವಳ ಮೂಗು ಚೆನ್ನಾಗಿದೆ."

"ಆ ಹುಡುಗಿ ನನ್ನ ಟೋಪಿ ತನ್ನ ತಲೆಗೆ ಸರಿಯಾಗತ್ತಾ ಅಂತ ದಿನಾ ಅಳೀತಿದಾಳೆ. ಅವಳಿಗೆ ಹೇಳೋದಾ?" ಅವನ ದನಿ ಇಳಿಯಿತು. "ಅಡುಗೆಯವನಿಗೆ ರುಚಿ ಗೊತ್ತಾಗಲ್ಲ ಅಂದ್ರೆ ಅವನು ಏನು ಹೇಳು? ಬರೀ ಕೈಕಾಲು. ಚಳಿಗಾಲಕ್ಕೆ ಹಡಗು ನಿಲ್ಲೋ ತನಕ ತಾಳು. ನನ್ನ ನಾಲಿಗೆ ನೀನೇ ಅಲ್ವಾ. ಗಂಡ ಹೆಂಡತಿಯಲ್ಲಿ ನಾಲಿಗೆ ಒಂದೇ ಇದ್ರೆ ಏನಾಯ್ತು?"

ಈ ಮಾತನ್ನು ಅವನು ವಸಂತದಲ್ಲೂ ಹೇಳಿದ್ದ. ಆಗ ಅವಳಿಗೆ ಅದು ಪ್ರೀತಿಯ ಮಾತಾಗಿ ಕೇಳಿಸಿತ್ತು.

ಬಾಗಿಲು ತೆರೆದು ಹೊರಗೆ ಬಂದಾಗ ಅಡುಗೆಮನೆಯಲ್ಲಿ ಲ್ಯುಬೆನ್ ಬಂದು ನಿಂತಿದ್ದ. ಬಲ್ಗೇರಿಯದ ರುಸೆ ಊರಿನ ಹಳೆಯ ನಾವಿಕ. ಹಗ್ಗದ ಕೆಲಸ ಮುಗಿಸಿ ಉಳಿದ ಸಿಹಿ ಏನಾದರೂ ಸಿಗುತ್ತದೋ ಎಂದು ಬಂದಿದ್ದ.

"ಏನಮ್ಮಾ ಸ್ಮಿಲ್ಯಾ, ನನ್ನ ಮೇಲೆ ದೂರು ಹೇಳಿದ್ಯಂತೆ. ಹಗ್ಗ ಬಿಚ್ಚುವಾಗ ಹಡಗು ಕುಲುಕಿತು, ನಿನ್ನ ಕಾಲು ಜಾರಿತು ಅಂತ. ನಾನು ಬಿಚ್ಚಿದ್ದು ಮಗುವಿನ ತೊಟ್ಟಿಲು ತೂಗಿದ ಹಾಗಿತ್ತು."

ಎಲ್ಲರೂ ಅವಳನ್ನು ನೋಡಿದರು. ಅವಳು ರಾದಿವೊಯ್‌ನನ್ನು ನೋಡಿದಳು. ಒಂದು ಮಾತು. ಬೈಗುಳವಲ್ಲ, ತಪ್ಪೊಪ್ಪಿಗೆಯಲ್ಲ. ಹೋಗ್ಲಿ ಬಿಡಪ್ಪಾ, ಅವಳಿಗೆ ಕಾರಣ ಇತ್ತು, ಎಂದು ಅವನು ಅಂದಿದ್ದರೆ ಸಾಕಾಗಿತ್ತು.

ರಾದಿವೊಯ್ ಕತ್ತಿಯನ್ನು ಜಾಗಕ್ಕೆ ಸಿಕ್ಕಿಸಿದ. "ವಯಸ್ಸಾಯ್ತು ಮಾರಾಯಾ ನನ್ನ ಹೆಂಡತಿಗೆ," ಎಂದ. "ಮನೆಗೆ ಕರ್ಕೊಂಡು ಹೋಗಿ ನೆಲದ ಮೇಲೆ ನಡೆಯೋದು ಕಲಿಸ್ಬೇಕು."

ನಗು ಎದ್ದಿತು. ಮರೀಸೆಲ್ ಮಾತ್ರ ನಗಲಿಲ್ಲ. ಅವಳು ಕಸದ ಚೀಲವನ್ನೂ ಸ್ಮಿಲ್ಯಾಳ ಮುಖವನ್ನೂ ನೋಡುತ್ತಿದ್ದಳು.

ಬೆಳಿಗ್ಗೆ ಕ್ರೆಸ್ಲರ್ ಅವಳನ್ನು ತಮ್ಮ ಗಾಜಿನ ಕೋಣೆಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಸ್ಮಿಲ್ಯಾ ಅವರೇ, ನಿಮ್ಮ ಕೆಲಸದಲ್ಲಿ ನಾನು ಯಾವತ್ತೂ ತಪ್ಪು ಕಂಡವನಲ್ಲ. ಆದರೆ ಈ ವರ್ಷ ನೀವು ಬಳಲಿದ ಹಾಗೆ ಕಾಣ್ತೀರಿ. ಸರಿಯಾಗಿ ಊಟ ಮಾಡಲ್ಲ ಅಂತ ಮೆಸ್ಸಿನವರೂ ಹೇಳ್ತಾರೆ. ನೆನ್ನೆ ನಾನು ನೋಡಿದೆ, ನೀವು ಎಡವಲಿಲ್ಲ. ಅತಿಥಿಯ ಕೈ ಹಿಡಿದು ಎಳೆದಿರಿ."

ಅವಳು ಗಾಜಿನ ಕಡೆ ಮುಖ ತಿರುಗಿಸಿದಳು.

"ಏನಾದರೂ ಹೇಳೋದಿದ್ಯಾ?"

ಗಾಜಿನಾಚೆ ನದಿ ಹೊಟ್ಟೆ ಉಬ್ಬಿಸಿಕೊಂಡು ಹರಿಯುತ್ತಿತ್ತು. ಹೇಳಬಹುದಿತ್ತು. ಬಾಯಿ ತೆರೆದರೆ ಸಾಕು. ಆದರೆ ತನ್ನ ಬಾಯಿಂದ ಆ ಮಾತು ಬಿದ್ದರೆ ರಾದಿವೊಯ್ ಉಳಿದ ಆಯುಷ್ಯವೆಲ್ಲ ಆ ಬಾಯನ್ನೇ ನೋಡುತ್ತಾನೆ ಎನ್ನುವುದೂ ಅವಳಿಗೆ ಗೊತ್ತಿತ್ತು. "ಇಲ್ಲ ಸರ್," ಎಂದಳು.

"ಮುಂದಿನ ವರ್ಷ ಸ್ವಲ್ಪ ಹಗುರವಾದ ಕೆಲಸ ನೋಡೋಣ," ಎಂದರು ಕ್ರೆಸ್ಲರ್, ಕರುಣೆಯಿಂದ. "ಇವತ್ತು ಕ್ಯಾಪ್ಟನ್ನರ ಔತಣ. ಅದೊಂದು ಚೆನ್ನಾಗಿ ಆಗಲಿ."

ಊಟದ ಮನೆಯಲ್ಲಿ ಮಿಸೆಸ್ ಬ್ಯಾನ್‌ಫೀಲ್ಡ್ ಒಣಗಿದ ಬಟ್ಟೆ ತೊಟ್ಟು, ಅದೇ ಕಿಟಕಿಯ ಹತ್ತಿರ ಕೂತು ಮೊಟ್ಟೆ ಒಡೆಯುತ್ತಿದ್ದರು. ಸ್ಮಿಲ್ಯಾ ಕಾಫಿ ಬಗ್ಗಿಸಲು ಹೋದಳು. ಮುದುಕಿ ಪಕ್ಕದ ಕುರ್ಚಿಯನ್ನು ತಟ್ಟಿದರು. ಅವಳು ಕೂರಲಿಲ್ಲ, ಆದರೆ ಬಗ್ಗಿದಳು.

"ನಾನು ಯಾರಿಗೂ ಏನೂ ಹೇಳಿಲ್ಲ," ಎಂದರು ಮುದುಕಿ ಮೆಲ್ಲಗೆ. "ಹೇಳೋದೂ ಇಲ್ಲ. ಒಂದು ಮಾತು ಮಾತ್ರ ನಿಮಗೆ ಹೇಳ್ಬೇಕು ಅನ್ನಿಸ್ತು. ಆ ತುಂಡು ತುಟಿ ಹತ್ತಿರ ತಂದಾಗ ನನಗೂ ವಾಸನೆ ಬಂತಮ್ಮಾ. ಜೀವಮಾನವೆಲ್ಲ ಆ ವಾಸನೆಗೆ ಹೆದರಿ ಬದುಕಿದವಳು, ಗೊತ್ತಾಗದೇ ಇರತ್ತಾ? ಮೂಗು ಬೇಡ ಅಂತು."

"ಮತ್ತೆ ಯಾಕೆ..."

"ನೀವು ಹೇಳಿದ್ರಲ್ಲ, ಹೆದರದೆ ತಿನ್ನಿ ಅಂತ. ನನ್ನ ಮೂಗಿಗೆ ವಯಸ್ಸಾಗಿದೆ, ಅವರು ಸುಳ್ಳು ಹೇಳೋರಲ್ಲ, ಅಂದ್ಕೊಂಡೆ." ಅವರು ಅವಳ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು. "ಕಾಫಿ ತುಂಬಾ ಆಯ್ತು, ನೋಡಿ."

ಬಟ್ಟಲು ತುಂಬಿ ತಟ್ಟೆಗೆ ಹರಿದಿತ್ತು.

ಅಲ್ಲಿಂದ ಅವಳು ನೇರವಾಗಿ ಮರೀಸೆಲ್ ಹತ್ತಿರ ಹೋದಳು. ಮರೀಸೆಲ್ ಕ್ಯಾರೆಟ್ ಹೆಚ್ಚುತ್ತಿದ್ದಳು.

"ಕಿಟಕಿ ಮೇಜಿನ ಅಮ್ಮನ ತಟ್ಟೆ ಇನ್ಮೇಲೆ ನೀನೇ ಮಾಡು. ನೀನೇ ಮೂಸು, ನೀನೇ ರುಚಿ ನೋಡು. ಬೇರೆ ಯಾರು ನೋಡಿದಾರೆ ಅಂದ್ರೂ ನಂಬ್ಬೇಡ."

"ನೀವು ನೋಡಿದೀರಿ ಅಂದ್ರೂ?"

"ನಾನು ಅಂದ್ರೂ."

ಮರೀಸೆಲ್ ಕತ್ತಿ ಕೆಳಗಿಟ್ಟಳು. "ಅಕ್ಕ, ಒಂದು ಕೇಳ್ಲಾ?"

"ಬೇಡ," ಎಂದಳು ಸ್ಮಿಲ್ಯಾ. ಮರೀಸೆಲ್ ಮತ್ತೆ ಕ್ಯಾರೆಟ್ ಹೆಚ್ಚತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ರಾದಿವೊಯ್ ಹಗುರವಾಗಿದ್ದ. ಔತಣಕ್ಕೆ ಮೀನಿನ ಸೂಪ್ ಮಾಡುತ್ತೇನೆ, ನಮ್ಮ ಅಪಾತಿನ್‌ನ ಹಾಗೆ, ಕೆಂಪಗೆ, ಅತಿಥಿಗಳು ತಟ್ಟೆ ನೆಕ್ಕಬೇಕು ಎಂದು ಹೇಳುತ್ತಾ ಓಡಾಡುತ್ತಿದ್ದ. ನಿನ್ನೆಯ ಮಾತು ಅವನ ಮಟ್ಟಿಗೆ ಮುಗಿದಿತ್ತು. ಅವಳ ಪಕ್ಕ ಹಾದುಹೋಗುವಾಗ, "ಖಾರ ಮಾತ್ರ ಸರಿಯಾಗಿ ನೋಡೇ. ಆ ಸೂಪಿಗೆ ಖಾರವೇ ಪ್ರಾಣ," ಎಂದ. ಅವನ ತೋಳಿನ ಹಳೆಯ ಸುಟ್ಟ ಗಾಯಗಳನ್ನು ಅವಳು ನೋಡಿದಳು. ಒಂದೊಂದೂ ಯಾವ ಹಡಗಿನದು, ಯಾವ ಒಲೆಯದು ಎಂದು ಅವಳಿಗೆ ಗೊತ್ತಿತ್ತು. ಅವನು ಒಳ್ಳೆಯ ಅಡುಗೆಯವನಾಗಿದ್ದ. ಅದನ್ನು ಅವನಿಗಿಂತ ಚೆನ್ನಾಗಿ ಅವಳು ಬಲ್ಲಳು. ಇಷ್ಟು ದಿನ ಬಾಯಿ ಕಟ್ಟಿದ್ದು ಅದೇ.

ಆದರೆ ಮೂಗಿದ್ದ ಮುದುಕಿ ತನ್ನ ಮೂಗನ್ನು ನಂಬಲಿಲ್ಲ. ಮೂಗಿದ್ದ ಮರೀಸೆಲ್ ತನ್ನದನ್ನು ನಂಬಲಿಲ್ಲ. ಇಬ್ಬರೂ ನಂಬಿದ್ದು ರಾದಿವೊಯ್‌ನನ್ನು, ಸ್ಮಿಲ್ಯಾಳನ್ನು. ಕಿವಿ, ಗದ್ದ, ಕಾಲರ್ ಮುಟ್ಟುವ ಆ ಆಟವನ್ನು.

ಸಂಜೆಯ ರುಚಿ ನೋಡುವ ಹೊತ್ತಿಗೆ ಸ್ವಲ್ಪ ಮೊದಲು ಅವಳು ಕೆಳಗಿನ ಸಿಬ್ಬಂದಿಯ ಊಟದ ಕೋಣೆಗೆ ಇಳಿದಳು. ನೀರಿನ ಮಟ್ಟಕ್ಕಿಂತ ಕೆಳಗಿನ ಕೋಣೆ. ಗೋಡೆಯ ಆಚೆ ನದಿ ಉಜ್ಜಿಕೊಂಡು ಹೋಗುವ ಸದ್ದು ಕೇಳುತ್ತಿತ್ತು. ಲ್ಯುಬೆನ್ ಒಬ್ಬನೇ ಕೂತು ಬ್ರೆಡ್ಡಿನ ಜೊತೆ ತನ್ನ ಊರಿನ ಉಪ್ಪಿನಕಾಯಿ ಮೆಣಸಿನಕಾಯಿ ತಿನ್ನುತ್ತಿದ್ದ. ಅವನ ಅಮ್ಮ ಹಾಕಿ ಕಳಿಸುವುದು. ಹಡಗಿನಲ್ಲಿ ಅದನ್ನು ತಿಂದು ಕಣ್ಣೀರು ಹಾಕದವರಿಲ್ಲ. ವಸಂತದಿಂದ ಅವನು ಅವಳಿಗೂ ನೀಡುತ್ತಿದ್ದ, ಅವಳು ಬೇಡ ಅನ್ನುತ್ತಿದ್ದಳು. ಈಗ ಅದೊಂದು ಅಭ್ಯಾಸವಾಗಿತ್ತು.

"ತಗೋ ಸ್ಮಿಲ್ಯಾ," ಎಂದ, ಜಾಡಿಯನ್ನು ಮುಂದೆ ತಳ್ಳುತ್ತಾ, ಅವಳ ಮುಖ ಕೂಡ ನೋಡದೆ. "ಬೇಡ ಅನ್ನು, ನಾನು ಹೋಗ್ತೀನಿ."

ಅವಳು ಕಾಫಿ ಯಂತ್ರದ ಹತ್ತಿರ ಹೋಗಿ ಕಪ್ಪು ಕಾಫಿ ಬಿಟ್ಟುಕೊಂಡಳು. ಬಟ್ಟಲು ತಂದು ಅವನೆದುರು ಕೂತಳು. ಜಾಡಿಗೆ ಫೋರ್ಕ್ ಹಾಕಿ, ಹಸಿರಾಗಿ ಸಣ್ಣಗಿದ್ದ ಒಂದು ಮೆಣಸಿನಕಾಯಿ ಚುಚ್ಚಿ ತೆಗೆದಳು. ಸಣ್ಣದೇ ಹೆಚ್ಚು ಖಾರ ಎಂದು ಅವಳಿಗೆ ಗೊತ್ತಿತ್ತು. ಇಡೀ ಬಾಯಿಗೆ ಹಾಕಿ ಅಗಿದಳು.

ಲ್ಯುಬೆನ್ ಬ್ರೆಡ್ ಕೈಯಲ್ಲೇ ಹಿಡಿದುಕೊಂಡ. "ಇವತ್ತೇನು ಹಬ್ಬ?"

"ಆಸೆ ಆಯ್ತು," ಎಂದಳು.

ಮೊದಲು ನಾಲಿಗೆಯ ತುದಿ ಉರಿಯಿತು, ಆಮೇಲೆ ಅಂಗುಳು, ಆಮೇಲೆ ಕಿವಿಯ ಒಳಗೆಲ್ಲ. ಕಣ್ಣಲ್ಲಿ ನೀರು ತುಂಬಿತು. ಇನ್ನೊಂದು ತೆಗೆದಳು. ಅದನ್ನೂ ಅಗಿದಳು. ಮೇಲೆ ಬಿಸಿ ಕಾಫಿ ಕುಡಿದಳು. ಕಹಿ ಹೋಗಿ ಉರಿಗೆ ತಗುಲಿ ನಾಲಿಗೆ ಒಂದು ಮರದ ತುಂಡಿನ ಹಾಗಾಯಿತು. ಅದರಡಿಯಲ್ಲಿ ಎಲ್ಲೋ ಒಂದು ಸುಖವೂ ಇತ್ತು. ತನ್ನ ಬಾಯಿಗೆ ತಾನೇ ಏನೋ ಕೊಟ್ಟುಕೊಂಡ ಸುಖ. ಯಾರಿಗೂ ವರದಿ ಹೇಳಬೇಕಿಲ್ಲದ ಉರಿ.

"ನಿಧಾನ ಮಾರಾಯ್ತಿ, ನಾಳೆ ಬೆಳಿಗ್ಗೆ ನನ್ನ ಬೈಬೇಡ," ಎಂದ ಲ್ಯುಬೆನ್.

ಮೇಲೆ ಅಡುಗೆಮನೆಯ ಗಂಟೆ ಬಾರಿಸಿತು. ರಾದಿವೊಯ್ ಈಗ ಚಮಚಗಳನ್ನು ಸಾಲಾಗಿ ಇಟ್ಟು ಬಾಗಿಲ ಕಡೆ ನೋಡುತ್ತಿರುತ್ತಾನೆ. ಅವಳು ಹೋಗುತ್ತಾಳೆ. ಅವನು ಕೊಟ್ಟ ಚಮಚವನ್ನು ಬಾಯಿಗೂ ಇಡುತ್ತಾಳೆ. ಕೈಗಳು ಮಾತ್ರ ಕೋಟಿನ ಜೇಬಿನಲ್ಲೇ ಇರುತ್ತವೆ. ಕಿವಿಗೆ ಹೋಗುವುದಿಲ್ಲ, ಗದ್ದಕ್ಕೆ ಹೋಗುವುದಿಲ್ಲ. ಅವನು ಕಣ್ಣಲ್ಲೇ ಕೇಳುತ್ತಾನೆ. ನನಗೂ ಗೊತ್ತಾಗುತ್ತಿಲ್ಲ ಎಂದು ಅವಳು ಹೇಳುತ್ತಾಳೆ, ಅದು ಸುಳ್ಳಾಗಿರುವುದಿಲ್ಲ. ಆಮೇಲೆ ಅವನು ಮರೀಸೆಲ್ ಕಡೆ ತಿರುಗಿ, ಚಮಚ ಚಾಚಿ, ಸ್ವಲ್ಪ ನೋಡು ಎನ್ನಬೇಕು. ಯಾಕೆ ಎಂದು ಮರೀಸೆಲ್ ಕೇಳಿದರೆ ಹೇಳಬೇಕು. ಅವನ ಬಾಯಿಂದಲೇ. ಇವತ್ತು ಹೇಳದಿದ್ದರೆ ನಾಳೆ. ನಾಳೆಯೂ ಈ ಜಾಡಿಯಲ್ಲಿ ಮೆಣಸಿನಕಾಯಿ ಇರುತ್ತದೆ.

ಅವಳು ಬಟ್ಟಲು ತೊಳೆದು ಬೋರಲಿಟ್ಟಳು, ಕರವಸ್ತ್ರದಿಂದ ಕಣ್ಣು ಒರೆಸಿಕೊಂಡಳು.

"ಚೆನ್ನಾಗಿತ್ತಾ?" ಎಂದು ಕೇಳಿದ ಲ್ಯುಬೆನ್.

"ಅಮ್ಮನಿಗೆ ಹೇಳು, ತುಂಬಾ ಚೆನ್ನಾಗಿತ್ತು ಅಂತ," ಎಂದು ಹೇಳಿ, ಕೈಗಳನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು.